ಹಗೇವಿನ ಮೇಲೆ ಹಾಸಿದ ಕಲ್ಲು

ಆ ಗುತ್ತಿಗೆದಾರನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಕೊಪ್ಪಳದ ಸಂತೆಯಲ್ಲಿ ಎದುರಿಗೆ ಬಂದರೆ ನಾನು ದಾರಿ ಬಿಡುವುದಿಲ್ಲ, ಅವನೂ ಬಿಡುವುದಿಲ್ಲ. ಒಬ್ಬರನ್ನೊಬ್ಬರು ಕೆಕ್ಕರಿಸಿ ನೋಡಿಕೊಂಡೇ ದಾಟುತ್ತೇವೆ. ಅವನು ನಮ್ಮ ಅಂಗಳಕ್ಕೆ ಕಲ್ಲನ್ನು ಕೆಟ್ಟದಾಗಿ ಹಾಸಿದ. ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಅಕ್ಕನ ಬಲಗೈ ಮುರಿದದ್ದಕ್ಕೆ ಅವನೊಬ್ಬನೇ ಕಾರಣ ಎಂದು ನಾನು ಊರೂರು ತಿರುಗಿ ಹೇಳಿದೆನಲ್ಲ, ಅದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಓದಿದವನಲ್ಲ, ಮಾತು ಹಿಂದೆ ಮುಂದೆ ಆದೀತು.

ನಮ್ಮ ಮನೆ ಭಾಗ್ಯನಗರದ ಹಳೆಯ ಓಣಿಯಲ್ಲಿದೆ. ಇರುವವರು ಅಕ್ಕ, ನಾನು, ಇಬ್ಬರೇ. ಅವ್ವ ಬೇಗ ಹೋದಳು. ನನಗೆ ಮೈ ತೊಳೆದು, ತಲೆ ಬಾಚಿ, ಕೈಹಿಡಿದು ಶಾಲೆಗೆ ಬಿಟ್ಟುಬಂದವಳು ಅಕ್ಕ. ನಾನು ಐದನೇ ತರಗತಿಗೇ ಶಾಲೆ ಬಿಟ್ಟು, ದೊಡ್ಡವನಾದ ಮೇಲೆ ಟ್ರ್ಯಾಕ್ಟರ್ ಹತ್ತಿದೆ. ಆ ಸಿಟ್ಟು ಅವಳಲ್ಲಿ ಇನ್ನೂ ಇದೆ. ಅವಳನ್ನು ಯಲಬುರ್ಗಾ ಕಡೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನಮ್ಮ ಕಡೆಯ ಬಹಳ ಹೆಂಗಸರ ಹಾಗೆ ಕೂದಲಿನ ಕೆಲಸಕ್ಕೆ ಕೂತಳು.

ಕೂದಲು ಚೀಲಗಟ್ಟಲೆ ಬರುತ್ತದೆ. ಹೆಂಗಸರು ತಲೆ ಬಾಚಿ ಉಂಡೆ ಮಾಡಿ ಎಸೆದದ್ದನ್ನು ಯಾರೋ ಓಣಿ ಓಣಿ ತಿರುಗಿ ಕೂಡಿಸಿ ತರುತ್ತಾರೆ. ಆ ಉಂಡೆಯನ್ನು ದಬ್ಬಣದಿಂದ ಎಳೆ ಎಳೆಯಾಗಿ ಬಿಡಿಸಬೇಕು, ತೊಳೆಯಬೇಕು, ಉದ್ದ ನೋಡಿ ಬೇರೆ ಮಾಡಿ ಜುಟ್ಟು ಕಟ್ಟಬೇಕು. ಅಕ್ಕನ ಬೆರಳು ಆ ಕೆಲಸಕ್ಕೇ ಹುಟ್ಟಿದ ಹಾಗಿದ್ದವು. ಮುಷ್ಟಿ ಗಾತ್ರದ ಗಂಟು ಅವಳ ಬಲಗೈಯಲ್ಲಿ ನಾಲ್ಕು ಸಲ ತಿರುಗಿದರೆ ಸಡಿಲಾಗುತ್ತಿತ್ತು. ಅವಳ ಜೊತೆ ನಮ್ಮ ಅಂಗಳದಲ್ಲಿ ಓಣಿಯ ಐದಾರು ಹೆಂಗಸರು ಕೂಡುತ್ತಿದ್ದರು. ಎದುರು ಮನೆಯ ಮುದುಕಿಯೂ ಬರುತ್ತಿದ್ದಳು. ಅವಳನ್ನು ಎಲ್ಲರೂ ಆಯಿ ಎನ್ನುತ್ತೇವೆ.

ಅಂಗಳ ಮಣ್ಣಿನದು. ತೊಳೆದ ಕೂದಲನ್ನು ಎಷ್ಟು ಎಚ್ಚರದಿಂದ ಹರವಿದರೂ ಧೂಳು ಹಿಡಿಯುತ್ತಿತ್ತು. ಮತ್ತೆ ತೊಳೆಯಬೇಕು. ಮಳೆ ಹನಿದರೆ ಎಲ್ಲ ಎತ್ತಿಕೊಂಡು ಒಳಗೆ ಓಡಬೇಕು.

"ಈ ಕೂದಲ ತಲಿಮ್ಯಾಲ ಇದ್ದಾಗ ಇಷ್ಟ ಸಲ ಎರಕೊಂಡಿರಾಕಿಲ್ಲ" ಎಂದು ಆಯಿ ನಗುತ್ತಿದ್ದಳು.

ಅಂಗಳಕ್ಕೆ ಪರಸಿ ಕಲ್ಲು ಹಾಸಿಸಬೇಕೆಂದು ಅಕ್ಕ ಎರಡು ವರ್ಷ ಯೋಚಿಸಿ, ಕಡೆಗೊಂದು ಬೇಸಿಗೆಯಲ್ಲಿ ಗಟ್ಟಿ ಮನಸ್ಸು ಮಾಡಿದಳು. ಆದರೆ ಅಂಗಳದ ನಡುವೆ ಒಂದು ಹಗೇವು ಇತ್ತು. ಈಗಿನವರಿಗೆ ಹಗೇವು ಎಂದರೆ ತಿಳಿಯಲಿಕ್ಕಿಲ್ಲ. ನೆಲದೊಳಗೆ ಜೋಳ ತುಂಬಿಡುವ ಕುಣಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಒಂದೂವರೆ ಆಳು. ಅಜ್ಜನ ಕಾಲದಲ್ಲಿ ಅದರ ತುಂಬ ಜೋಳ ಇರುತ್ತಿತ್ತಂತೆ. ನಾನು ಕಂಡಂತೆ ಅದು ಖಾಲಿಯೇ. ಮೇಲೊಂದು ಚಪ್ಪಡಿ ಮುಚ್ಚಿತ್ತು.

ಅಕ್ಕ ಯಲಬುರ್ಗಾದಲ್ಲಿ ನಾದಿನಿಯ ಮಗಳ ಮದುವೆಗೆ ಮೂರು ದಿನ ಹೊರಟಿದ್ದಳು. ಹೋಗುವ ದಿನ ಒಂದು ಮೊರದಲ್ಲಿ ಜೋಳ ಹಾಕಿ ಜಗಲಿಯ ಮೇಲಿಟ್ಟು ನನಗೆ ಹೇಳಿದಳು:

"ಕುಷ್ಟಗಿ ರಸ್ತೆದಾಗ ಗುಡ್ಡದ ಗರಸು ಸಿಗ್ತೈತಿ, ಅದನ್ನ ತಂದು ಹಗೇವು ತುಂಬು. ಒಮ್ಮೆಲೇ ಸುರೀಬ್ಯಾಡ. ಒಂದೊಂದ ಥರ ಹಾಕು, ನೀರು ಉಣಿಸು, ದಿಮ್ಮಸು ಹೊಡಿ. ಮೂರು ದಿನದ ಕೆಲಸ."

"ಆತು."

"ಮೊದಲ ಈ ಜ್ವಾಳ ಐದು ಬೊಗಸಿ ಒಳಗ ಹಾಕು, ಆಮ್ಯಾಲೆ ಗರಸು. ಮೂರು ತಲಿಮಾರು ನಮಗ ಅನ್ನ ಇಟ್ಟ ಕುಣಿ ಅದು. ಖಾಲಿ ಹೊಟ್ಟೀಲೆ ಮುಚ್ಚಬಾರದು."

"ಆತಂದ್ನೆಲ್ಲ, ನೀ ಹೋಗು. ಬಸ್ಸು ತಪ್ತೈತಿ."

ನನ್ನ ಕೆಲಸ ಗಂಗಾವತಿಯ ಅಕ್ಕಿ ಮಿಲ್ಲುಗಳಿಂದ ಹೊಟ್ಟಿನ ಬೂದಿ ಹೊರುವುದು. ಭತ್ತದ ಹೊಟ್ಟು ಒಲೆಗೆ ಹಾಕಿ ಸುಟ್ಟ ಮೇಲೆ ಗುಡ್ಡೆ ಗುಡ್ಡೆ ಕಪ್ಪು ಬೂದಿ ಉಳಿಯುತ್ತದೆ. ಅದನ್ನು ಟ್ರಾಲಿಯಲ್ಲಿ ತುಂಬಿ ಕೊಪ್ಪಳದ ಕಡೆಯ ಇಟ್ಟಿಗೆ ಭಟ್ಟಿಗಳಿಗೆ ಹಾಕುತ್ತೇನೆ. ಆ ದಿನ ಭಟ್ಟಿಯವನು ಬೂದಿ ಹಸಿಯಾಗಿದೆ, ಬೇಡ ಎಂದ. ಅವತ್ತಿಗೆ ಎರಡನೆಯ ಟ್ರಾಲಿಯೂ ಮಿಲ್ಲಿನಲ್ಲಿ ತುಂಬಿ ನಿಂತಿತ್ತು. ಗರಸು ಎಂಬ ಕಲ್ಲುಮಣ್ಣು ಅಗೆಯುವ ಗುಡ್ಡದಲ್ಲಿ ನೋಡಿದರೆ ಟ್ರ್ಯಾಕ್ಟರುಗಳ ಸಾಲು. ಬಿಸಿಲಿನಲ್ಲಿ ನಿಂತು ನಿಂತು ತಲೆ ಕೆಟ್ಟಿತು. ಟ್ರ್ಯಾಕ್ಟರ್ ತಿರುಗಿಸಿಕೊಂಡು ಮನೆಗೆ ಬಂದೆ. ಚಪ್ಪಡಿ ಬೆಳಿಗ್ಗೆಯೇ ಸರಿಸಿಟ್ಟಿದ್ದೆ, ಹಗೇವಿನ ಬಾಯಿ ತೆರೆದೇ ಇತ್ತು.

ಎರಡು ಟ್ರಾಲಿ ಬೂದಿ ಆ ಹೊಟ್ಟೆ ನುಂಗಿತು. ಮರುದಿನ ಅರ್ಧ ಟ್ರಾಲಿ ಗರಸು ತಂದು ಮೇಲೆ ಒಂದು ಗೇಣು ಹರಡಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದೆ. ನೋಡಲು ಗಟ್ಟಿ ನೆಲದ ಹಾಗೇ ಇತ್ತು. ಜೋಳದ ಮೊರ ಜಗಲಿಯ ಮೇಲೆ ಹಾಗೇ ಉಳಿದಿತ್ತು. ಬೂದಿ ಸುರಿದ ಮೇಲೆ ನೆನಪಾಗಿ ಪ್ರಯೋಜನವೇನು? ಅದನ್ನು ಒಯ್ದು ಒಳಗಿನ ಜೋಳದ ಚೀಲಕ್ಕೆ ತಿರುಗಿ ಸುರಿದೆ. ಅಕ್ಕ ಬಂದು ಖಾಲಿ ಮೊರ ನೋಡಿದಳು, ಒಣಗಿದ ಗರಸಿನ ಮೇಲೆ ನಿಂತು ನೋಡಿದಳು. "ಛಲೋ ಮಾಡಿದಿ ತಮ್ಮಾ" ಎಂದಳು. ನಾನು ಕಾಲು ತೊಳೆಯಲು ಹೋದೆ.

ಗುತ್ತಿಗೆದಾರ ಕುಷ್ಟಗಿಯವನು. ಯಾರೋ ಹೇಳಿದರೆಂದು ಅಕ್ಕನೇ ಕರೆಸಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದ. ಕಲ್ಲಿನ ಕೆಲಸದವನ ಮೈಮೇಲೆ ಒಂದು ಚೂರು ಧೂಳಿಲ್ಲ. ಅದನ್ನು ನೋಡಿಯೇ ನನಗೆ ಅವನು ಸೇರಲಿಲ್ಲ.

"ಅಕ್ಕಾರ, ನಾ ಹಾಸಿದ ಕಲ್ಲಂದ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲುಗಾಡಾಂಗಿಲ್ಲ ನೋಡ್ರಿ."

"ನನಗ ಮಕ್ಕಳೇ ಇಲ್ಲಪಾ" ಎಂದಳು ಅಕ್ಕ. "ಈ ಮಳಿಗಾಲ ದಾಟಿದ್ರ ಸಾಕು."

ಅವನು ಅಂಗಳದ ತುಂಬ ತಿರುಗಾಡಿ, ಹಿಮ್ಮಡಿಯಿಂದ ಅಲ್ಲಲ್ಲಿ ಗುದ್ದಿ ನೋಡಿದ. ಹಗೇವಿನ ಜಾಗಕ್ಕೆ ಬಂದಾಗ ನಿಂತ.

"ಹಳೇ ಮನಿ ಐತಿ. ಕೆಳಗ ಹಗೇವು ಗಿಗೇವು ಏನರ ಐತೇನ್ರಿ?"

"ಇತ್ತು. ನನ್ನ ತಮ್ಮ ತುಂಬ್ಯಾನ."

"ಏನ್ ಹಾಕಿ ತುಂಬೀರಿ ಅಣ್ಣಾರ?"

"ಗರಸು" ಎಂದೆ. "ಥರಾ ಥರಾ ಹಾಕಿ, ನೀರು ಉಣಿಸಿ, ದಿಮ್ಮಸು ಹೊಡದೀನಿ."

"ಹಂಗಾರ ಚಿಂತಿಲ್ಲ ಬಿಡ್ರಿ."

ಇಷ್ಟೇ ಮಾತು. ಅವತ್ತು ನಾನು ಖರೆ ಹೇಳಿದ್ದರೆ ಒಂದು ವಾರದ ಕೆಲಸ ಹೆಚ್ಚಾಗುತ್ತಿತ್ತು, ಅಕ್ಕ ನಾಲ್ಕು ಬೈಗುಳ ಬೈಯುತ್ತಿದ್ದಳು, ಮುಗಿಯುತ್ತಿತ್ತು.

ಕಲ್ಲು ಹಾಸುವ ಮೊದಲ ದಿನ ಅವನು ಬಂದು ದಾರ ಕಟ್ಟಿಸಿ ಹೋದವನು, ಕಡೆಯ ದಿನ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಲು ಬಂದ. ನಡುವೆ ಅವನ ಕೆಲಸಗಾರರದೇ ರಾಜ್ಯ. ಒಂದೊಂದು ಕಲ್ಲಿನ ಕೆಳಗೆ ಸಿಮೆಂಟು ಮರಳನ್ನು ಪೂರಾ ಹಾಸಬೇಕು. ಅವರು ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು, ಮೇಲೆ ಕಲ್ಲು ಕೂಡಿಸಿ, ಎರಡು ಪೆಟ್ಟು ಕುಟ್ಟಿ ಮುಂದಕ್ಕೆ ಹೋಗುತ್ತಿದ್ದರು. ನಡುವೆ ಪೂರಾ ಟೊಳ್ಳು. ನಾನು ಕಣ್ಣಾರೆ ನೋಡಿದೆ. ಬೇರೆಯವರ ಮನೆಯಾಗಿದ್ದರೆ ಹಾರಿ ಬೀಳುತ್ತಿದ್ದೆ. ಆದರೆ ಒಂದು ಕಲ್ಲು ಎಬ್ಬಿಸು ಎಂದರೆ ಅವರು ಕೆಳಗಿನ ನೆಲವನ್ನೂ ಕೆದಕಿ ನೋಡಿದರೆ? ನಾನು ಬಾಯಿ ಮುಚ್ಚಿಕೊಂಡು ಟ್ರ್ಯಾಕ್ಟರ್ ಹತ್ತಿದೆ.

ಕೆಲಸ ಮುಗಿದು ಕಲ್ಲು ಒಣಗಿದ ಮೇಲೆ ಅಕ್ಕ ಅಂಗಳ ತೊಳೆಯಲು ಒಂದು ಕೊಡ ನೀರು ಸುರಿದಳು. ನೀರು ಬೀದಿಯ ಕಡೆಗೆ ಹೋಗಬೇಕಲ್ಲ, ತಿರುಗಿ ಹೊಸ್ತಿಲಿಗೇ ಬಂತು. ಇನ್ನೊಂದು ಕೊಡ ಸುರಿದಳು. ಅದೂ ಮೊದಲಿನ ನೀರಿನ ಹಿಂದೆಯೇ ಬಂದು ನಡುಮನೆ ಹೊಕ್ಕಿತು.

ಗುತ್ತಿಗೆದಾರನನ್ನು ಕರೆಸಿದೆವು.

"ರಸ್ತೆ ಎತ್ತರ ಮಾಡ್ಯಾರ್ರಿ ಅಕ್ಕಾರ. ಅದಕ್ಕ ನಾ ಏನ್ ಮಾಡ್ಲಿ?"

"ರಸ್ತೆ ನಿನ್ನೆ ರಾತ್ರಿ ಎದ್ದು ಎತ್ತರ ಆಗೈತೇನು? ನೀ ದಾರ ಕಟ್ಟೂಕಿಂತ ಮೊದಲ ಹಂಗ ಇತ್ತು. ವಾಟ ಎತ್ತಾಗ ಕೊಡಬೇಕಂತ ನೋಡಾಕ ಕಣ್ಣು ಇದ್ದಿಲ್ಲೇನು?"

"ಮನಿ ತಗ್ಗಿನ್ಯಾಗೈತ್ರಿ."

"ಮನಿ ತಗ್ಗಿನ್ಯಾಗೈತಿ, ರಸ್ತೆ ಎತ್ತರ ಐತಿ, ನಿನ್ನ ತಲಿ ಎಲ್ಲೈತಿ?"

ಹೆಂಗಸರು ನಕ್ಕರು. ಅವನ ಮುಖ ಕಪ್ಪಾಯಿತು. ನೋಡೋಣ, ಮಾಡೋಣ, ಒಂದೆರಡು ಮಳೆ ಆಗಲಿ ಎಂದು ಹೇಳಿ ಹೋದವನು ಫೋನ್ ಎತ್ತುವುದನ್ನೇ ಬಿಟ್ಟ. ನಾನು ದಿನಾ ಸಂಜೆ ಅವನಿಗೆ ಫೋನ್ ಹಚ್ಚಿ, ಅದು ಬಡಿದುಕೊಳ್ಳುತ್ತಿರುವಾಗಲೇ ಅಕ್ಕನ ಮುಂದೆ ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಬೈದಷ್ಟೂ ನನಗೆ ಹಗುರಾಗುತ್ತಿತ್ತು.

ಮೊದಲ ಮಳೆಗೆ ನೀರು ಹೊಸ್ತಿಲ ತನಕವೂ ಬರಲಿಲ್ಲ. ಅಂಗಳದ ನಡುವೆಯೇ ನಿಂತಿತು, ಮರುದಿನದ ಹೊತ್ತಿಗೆ ಅಲ್ಲೇ ಇಂಗಿಹೋಯಿತು. ಎರಡನೆಯ ಮಳೆ ಮುಗಿದಾಗ ಹಗೇವಿನ ಮೇಲಿನ ನಾಲ್ಕು ಕಲ್ಲು ಹೆಬ್ಬೆರಳಿನಷ್ಟು ಕುಸಿದಿದ್ದವು. ಹಸಿ ಬೂದಿ ಹೇಗೆ ಕುಸಿದು ಕೂಡುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಆಗ ಗುತ್ತಿಗೆದಾರ ತಾನಾಗಿಯೇ ಬಂದ. ಕುಕ್ಕರುಗಾಲಲ್ಲಿ ಕೂತು, ಸುತ್ತಿಗೆಯ ಹಿಡಿಯಿಂದ ಕಲ್ಲು ಬಡಿದು ಕಿವಿಗೊಟ್ಟು ಕೇಳಿದ.

"ವಾಟ ನಂದ ತಪ್ಪೈತಿ, ಒಪ್ಪಿದೆ. ಆದ್ರ ಇದು ಬ್ಯಾರೆ. ಬರೋಬ್ಬರಿ ಹಗೇವಿನ ಮ್ಯಾಲೇ ಕುಂತೈತಿ. ಎರಡು ಕಲ್ಲು ಎಬ್ಬಿಸಿ ಒಳಗ ನೋಡೂಣು."

ನಾನು ಎದ್ದು ಹೋಗಿ ಅವನ ಮತ್ತು ಕಲ್ಲಿನ ನಡುವೆ ನಿಂತೆ.

"ಇನ್ನೊಂದ ಸಲ ನಮ್ಮ ಕಲ್ಲಿಗೆ ಕೈ ಹಚ್ಚಿದ್ರ ಕೈ ಇರಾಕಿಲ್ಲ ಮಗನ!"

"ಅಣ್ಣಾರ, ನೋಡಿದ್ರ ತಿಳೀತೈತಿ..."

"ಏನ್ ನೋಡ್ತಿ? ನಾಲ್ಕು ಮುದ್ದಿ ಇಟ್ಟು ಹೋದದ್ದು ನಾ ನೋಡೀನಿ. ಬಿಳಿ ಅಂಗಿ ಹಾಕ್ಕೊಂಡು ಫೋಟೋ ಹೊಡ್ಯಾಕ ಬರ್ತಿ, ಕೆಲಸಕ್ಕ ಬರೂದಿಲ್ಲ. ನಡಿ ಹೊರಗ!"

ಅವನ ರಟ್ಟೆ ಹಿಡಿದು ಬಾಗಿಲ ತನಕ ನೂಕಿಕೊಂಡು ಹೋದೆ. ಓಣಿಯೆಲ್ಲ ಕೂಡಿತು. ನಾಲ್ಕು ಮುದ್ದೆಯ ಮಾತು ಖರೆ ಇತ್ತು, ಆದ್ದರಿಂದ ಅವನೂ ತಿರುಗಿ ಮಾತಾಡಲಿಲ್ಲ. ಅವನ ತಪ್ಪನ್ನೇ ನನ್ನ ತಪ್ಪಿನ ಮೇಲೆ ಚಪ್ಪಡಿಯ ಹಾಗೆ ಎಳೆದು ಹಾಕಿದೆ.

ಆ ದಿನ ಅಕ್ಕ ಬಿಸಿ ರೊಟ್ಟಿಯ ಮೇಲೆ ತುಪ್ಪ ಸುರಿದು ನನ್ನ ಮುಂದಿಟ್ಟಳು. "ನೀ ಇದ್ದೀ ಅಂತ ನನಗ ಧೈರ್ಯ" ಎಂದಳು. ಚಿಕ್ಕವನಿದ್ದಾಗ ಶಾಲೆಯಲ್ಲಿ ಯಾರಾದರೂ ನನಗೆ ಹೊಡೆದರೆ ಅವಳು ಹೋಗಿ ಜಗಳ ಮಾಡುತ್ತಿದ್ದಳು. ಈಗ ನಾನು ಅವಳ ಪರ ನಿಂತಿದ್ದೇನೆ ಎಂದು ಅವಳಿಗೆ ಹೆಮ್ಮೆ. ನಾನು ಆ ರೊಟ್ಟಿ ತಿಂದೆ, ಇನ್ನೊಂದನ್ನೂ ಹಾಕಿಸಿಕೊಂಡು ತಿಂದೆ.

ಅದಾದ ಎಂಟೋ ಹತ್ತೋ ದಿನಕ್ಕೆ, ಬೆಳಿಗ್ಗೆ, ಅಕ್ಕ ತೊಳೆದ ಕೂದಲಿನ ಬುಟ್ಟಿ ಎತ್ತಿಕೊಂಡು ಅಂಗಳ ದಾಟುತ್ತಿದ್ದಳು. ಹಗೇವಿನ ಮೇಲಿನ ಕಲ್ಲು ಅವಳ ಭಾರಕ್ಕೆ ಒಂದು ಮಗ್ಗುಲಾಯಿತು. ಕಾಲು ಸಂದಿಗೆ ಸಿಕ್ಕಿತು. ಬೀಳುವಾಗ ಬುಟ್ಟಿ ಬಿಡದೆ ಬಲಗೈ ಊರಿದಳು. ನಾನು ಟ್ರ್ಯಾಕ್ಟರಿಗೆ ನೀರು ಹಾಕುತ್ತಿದ್ದೆ. ಎಲುಬು ಮುರಿದ ಸಪ್ಪಳ ನನಗೆ ಅಲ್ಲಿಗೇ ಕೇಳಿಸಿತು.

ಕೊಪ್ಪಳದ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಹೋಗುವಾಗಲೂ ಬರುವಾಗಲೂ ಅಕ್ಕ ಆ ಗುತ್ತಿಗೆದಾರನಿಗೆ ಶಾಪ ಹಾಕುತ್ತಿದ್ದಳು. ಅವನ ಕೈಗೆ ಹುಳ ಬೀಳಲಿ, ಅವನ ಮನೆಯ ನೆಲ ಬಾಯಿ ಬಿಡಲಿ. ನಾನು ಅವಳ ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೂ ಇಷ್ಟು ಬರೆಯುವ ಕೆಲಸ ಇರುತ್ತಿರಲಿಲ್ಲ. ಎರಡು ದಿನ ಬಿಟ್ಟು ನಾನು ಅಕ್ಕನ ಕೈಯ ಎಕ್ಸ್‌ರೇ ತೆಗೆದುಕೊಂಡು ಕುಷ್ಟಗಿಗೆ ಹೋದೆ. ಅವನು ಒಂದು ಹೊಸ ಮನೆಯ ಮುಂದೆ ದಾರ ಕಟ್ಟಿಸುತ್ತಿದ್ದ. ದೊಡ್ಡ ಅಂಗಳ, ದೊಡ್ಡ ಕೆಲಸ. ಈ ಸಲ ಬಿಳಿ ಅಂಗಿ ಇರಲಿಲ್ಲ. ತಾನೇ ಬಗ್ಗಿ ನೀರಿನ ಪೈಪು ಹಿಡಿದು ಮಟ್ಟ ನೋಡುತ್ತಿದ್ದ. ಮನೆಯ ಯಜಮಾನ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

ನಾನು ನೆಟ್ಟಗೆ ಯಜಮಾನನ ಹತ್ತಿರ ಹೋಗಿ ಎಕ್ಸ್‌ರೇ ಅವನ ಕೈಗೆ ಕೊಟ್ಟೆ.

"ಇವ ಹಾಸಿದ ಕಲ್ಲು ಹೆಂಗಿರ್ತಾವ ನೋಡ್ರಿ ಸಾಹೇಬ್ರ. ನಮ್ಮಕ್ಕನ ಕೈ ಇದು."

ಯಜಮಾನ ಅದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದ. ಮುರಿದ ಎಲುಬು ಯಾರಿಗಾದರೂ ಕಾಣುತ್ತಿತ್ತು. ಅವನು ಗುತ್ತಿಗೆದಾರನ ಕಡೆ ತಿರುಗಿ, "ದಾರ ಬಿಚ್ಚಪಾ" ಎಂದ. ಅಷ್ಟೇ ಎಂದ.

ಗುತ್ತಿಗೆದಾರ ದಾರ ಸುತ್ತಿಕೊಂಡು ನನ್ನ ಹತ್ತಿರ ಬಂದ.

"ನಿಮ್ಮಕ್ಕ ಬಿದ್ದಿದ್ದಕ್ಕ ನನಗೂ ಹೊಟ್ಟಿ ಉರೀತೈತಿ. ಆದ್ರ ಒಂದ ಮಾತು ಹೇಳ್ರಿ. ಕಲ್ಲು ಎಬ್ಬಿಸಾಕ ನೀವು ಯಾಕ ಬಿಡವಲ್ರಿ? ಕೆಳಗ ಏನ್ ಮುಚ್ಚೀರಿ?"

ನಾನು ಅವನ ಕಪಾಳಕ್ಕೆ ಹೊಡೆದೆ. ಅವನು ತಿರುಗಿ ಹೊಡೆಯಲಿಲ್ಲ. ನನ್ನ ಕಣ್ಣನ್ನೇ ನೋಡಿದ. ಅವನಿಗೆ ತಿಳಿಯಿತು ಎಂದು ನನಗೂ ತಿಳಿಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಕ್ಕನ ಕೈ ಮೊದಲಿನ ಹಾಗೆ ಆಗಲಿಲ್ಲ. ಕಿರುಬೆರಳು, ಅದರ ಪಕ್ಕದ ಬೆರಳು ಪೂರಾ ಮಡಚುವುದಿಲ್ಲ. ದಬ್ಬಣ ಹಿಡಿದರೆ ಜಾರುತ್ತದೆ. ಒಂದು ದಿನ ಒಂದು ಉಂಡೆ ಹಿಡಿದು ಮಧ್ಯಾಹ್ನದ ತನಕ ಗುದ್ದಾಡಿ, ಕಡೆಗೆ ಅದನ್ನು ಆಯಿಯ ಮಡಿಲಿಗೆ ಎಸೆದು ಒಳಗೆ ಹೋದಳು. ಆಯಿ ನನ್ನ ಕಡೆ ನೋಡಿ, "ಆ ಕಲ್ಲು ಎಬ್ಬಿಸಿ ಸರಿ ಮಾಡಿಸೋ ಯಪ್ಪಾ, ಮತ್ತ್ಯಾರರ ಬಿದ್ದಾರು" ಎಂದಳು. ಅಕ್ಕನೂ ಅದನ್ನೇ ಹೇಳುತ್ತಿದ್ದಳು. ಬೇರೆ ಮೇಸ್ತ್ರಿ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ, ಮುಂದಿನ ವಾರ ಎಂದು ನಾನು ಮುಂದೆ ತಳ್ಳುತ್ತಿದ್ದೆ. ಒಂದು ಹಳೆಯ ಹಲಗೆ ತಂದು ಆ ಜಾಗದ ಮೇಲೆ ಹಾಕಿದ್ದೆ.

ಒಂದು ಮಧ್ಯಾಹ್ನ ಗಂಗಾವತಿಯಿಂದ ತಿರುಗಿ ಬಂದಾಗ ಹಲಗೆ ಗೋಡೆಗೆ ಒರಗಿತ್ತು. ಪಕ್ಕದಲ್ಲಿ ನಾಲ್ಕು ಪರಸಿ ಕಲ್ಲು ನಿಂತಿದ್ದವು. ಹೆಂಗಸರೇ ಹಾರೆ ಹಾಕಿ ಎಬ್ಬಿಸಿದ್ದರು. ಅಕ್ಕ ಕುಣಿಯ ಅಂಚಿನಲ್ಲಿ ಕೂತಿದ್ದಳು. ಎಡಗೈಯಲ್ಲಿ ಒಂದು ಹಿಡಿ ಕಪ್ಪು ಬೂದಿ.

"ಏನಿದು?"

ಆಗಲೂ ನಾನು ಸುಳ್ಳನ್ನೇ ಹೇಳಿದೆ. "ಅವನ ಹಾಕಿರಬೇಕು. ಮರಳು ಉಳಸಾಕ..."

"ಅವ ಕುಷ್ಟಗಿಯವ. ಅಲ್ಲಿ ನೆಲ್ಲೂ ಇಲ್ಲ, ಅಕ್ಕಿ ಮಿಲ್ಲೂ ಇಲ್ಲ. ಹೊಟ್ಟಿನ ಬೂದಿ ಈ ಮನಿಗೆ ದಿನಾ ಯಾರ ಮೈಮ್ಯಾಲೆ ಬರ್ತೈತಿ?"

ನನ್ನ ಅಂಗಿಯ ತೋಳು ಬೂದಿಯಿಂದ ಕಪ್ಪಾಗಿತ್ತು. ಆ ಅಂಗಿಯನ್ನು ಇಷ್ಟು ವರ್ಷ ಒಗೆದವಳು ಅವಳೇ.

"ಜ್ವಾಳ?" ಎಂದಳು.

ನಾನು ತೋಳಿನ ಬೂದಿ ಕೊಡವತೊಡಗಿದೆ.

"ಐದು ಬೊಗಸಿ ಜ್ವಾಳ ಹಾಕಿದ್ಯೋ ಇಲ್ಲೋ?"

"ಚೀಲಕ್ಕ ತಿರುಗಿ ಹಾಕಿದೆ."

ಅಕ್ಕ ಕೈಯಲ್ಲಿದ್ದ ಬೂದಿಯನ್ನು ಕುಣಿಗೆ ಸುರಿದಳು. "ಅಂದ್ರ ಅದನ್ನ ನಾವ ರೊಟ್ಟಿ ಬಡಕೊಂಡು ತಿಂದ್ವಿ" ಎಂದಳು. "ಅದಕ್ಕ ಬೂದಿ ತಿನಿಸಿ, ಅದರ ಜ್ವಾಳ ನಾವು ತಿಂದ್ವಿ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೈ ಒರೆಸಿಕೊಂಡು ಎದ್ದಳು. ಏಳುವಾಗ ಆಸರೆಗೆ ನಾನು ಕೈ ನೀಡಿದೆ. ಅವಳು ಆಯಿಯ ಭುಜ ಹಿಡಿದುಕೊಂಡಳು.

"ಹೋಗಿ ಅವನ್ನ ಕರಕೊಂಡು ಬಾ. ಫೋನ್ ಬ್ಯಾಡ, ಎದುರಿಗೆ ನಿಂತು ಖರೇ ಮಾತು ಹೇಳು. ಎಕ್ಸ್‌ರೇ ತೋರಿಸಿ ಬಂದೆ ಅಂದಿದ್ಯಲ್ಲ, ಆ ಕುಷ್ಟಗಿ ಮನಿ ಯಜಮಾನನ ಮುಂದೂ ಹೇಳು."

ಹೇಳಿದೆ. ಯಜಮಾನನ ಅಂಗಳದಲ್ಲಿ ಆಗಲೇ ಬೇರೆಯವರು ಹಾಸಿದ ಕಲ್ಲು ಹೊಳೆಯುತ್ತಿತ್ತು. ಅವನು ಚಹಾ ಕುಡಿಯುತ್ತಾ ಕೇಳಿ, "ಈಗ ನಾ ಏನ್ ಮಾಡಬೇಕು ಅದಕ್ಕ?" ಎಂದ. ಗುತ್ತಿಗೆದಾರನ ಮನೆಗೆ ಹೋಗಿ ಹೊರಗೇ ನಿಂತು ಹೇಳಿದೆ. ಅವನು ಒಳಗೆ ಕರೆಯಲಿಲ್ಲ.

"ಕೆಲಸ ಹೋತು, ನಾಲ್ಕು ಮಂದ್ಯಾಗ ಮಾನ ಹೋತು. ಈಗ ಬಂದು ಹೇಳಿದ್ರ ಅವು ಎದ್ದು ಬರ್ತಾವೇನ್ರಿ?"

"ಅಕ್ಕ ಕರದಾಳ."

"ಅಕ್ಕಾರ ಕರದಾರಂತ ಬರ್ತೀನಿ. ನಿಮ್ಮ ಮುಖಕ್ಕ ಬರಾಂಗಿಲ್ಲ."

ಅವನು ಬಂದಾಗ ಅಕ್ಕ ಅವನಿಗೂ ನೀರು ಕೊಡಲಿಲ್ಲ.

"ನಿನ್ನ ಮುಖಾನೂ ನನಗ ಛಲೋ ಕಾಣವಲ್ದು. ವಾಟ ತಪ್ಪಿಸಿ ನೀರು ಒಳಗ ಬಿಟ್ಟಾವ ನೀ. ಟೊಳ್ಳು ಕಲ್ಲು ಇಟ್ಟಾವ ನೀ. ಬೂದಿ ತುಂಬಿದಾವ ಇವ. ಇಬ್ರೂ ಸೇರಿ ನನ್ನ ಕೈ ಮುರದೀರಿ. ಇಬ್ರೂ ಸೇರಿ ಸರಿ ಮಾಡ್ರಿ."

ಅವನು ಒಪ್ಪಿದ. ಬೂದಿ ತೆಗೆಯುವುದು, ಗರಸು ತುಂಬುವುದು ನನ್ನ ಪಾಲಿಗೆ. ಅಂಗಳದ ಕಲ್ಲೆಲ್ಲ ಎಬ್ಬಿಸಿ ವಾಟ ತಿರುಗಿಸಿ ಹಾಸುವುದು ಅವನ ಪಾಲಿಗೆ. ಒಂದು ಮಾತೂ ಸ್ನೇಹದ್ದಲ್ಲ. ನಾನು ಕುಣಿಯೊಳಗೆ ಇಳಿದು ಬುಟ್ಟಿ ಬುಟ್ಟಿ ಹಸಿ ಬೂದಿ ಎತ್ತಿ ಕೊಡುತ್ತಿದ್ದರೆ, ಅವನು ಮೇಲೆ ನಿಂತು ಬಗ್ಗಿ ನೋಡುತ್ತಿದ್ದ.

"ಇನ್ನೂ ಐತಿ ತಗೀರಿ. ಮೂಲ್ಯಾಗ ಬಿಟ್ಟೀರಿ. ಹಾಕುವಾಗ ಭಾಳ ಚುರುಕಿದ್ರಿ, ಈಗ ಯಾಕ ದಣದ್ರಿ?"

ನಾನು ಹಲ್ಲು ಕಚ್ಚಿಕೊಂಡು ತೆಗೆದೆ. ಮೂರನೆಯ ದಿನ ಕಾಲಿಗೆ ಹಳೆಯ ಗಟ್ಟಿ ತಳ ಸಿಕ್ಕಿತು. ಸುಟ್ಟು ಗಟ್ಟಿ ಮಾಡಿದ ಮಣ್ಣು, ಒಂದೆರಡು ಕಡೆ ಹುಲ್ಲಿನ ಗುರುತು. ಅಜ್ಜ ಕೂಡಿಸಿದ್ದು. ಬೂದಿಯ ನೀರು ಕುಡಿದು ಅದೂ ಕಪ್ಪಾಗಿತ್ತು.

ನಾನು ಮೇಲೆ ಬಂದ ಮೇಲೆ ಅಕ್ಕ ಮೊರದಲ್ಲಿ ಜೋಳ ತಂದಳು. ಎರಡೂ ಕೈ ಕೂಡಿಸಿ ಬೊಗಸೆ ಮಾಡಿದಳು. ಬಲಗೈಯ ಆ ಎರಡು ಬೆರಳು ಕೂಡಲಿಲ್ಲ. ಜೋಳ ಆ ಸಂದಿನಿಂದ ಸುರಿಯುತ್ತಲೇ ಇತ್ತು. ಕುಣಿಯ ಬಾಯಿಗೆ ಬರುವಷ್ಟರಲ್ಲಿ ಅರ್ಧ ಬೊಗಸೆ ಉಳಿಯುತ್ತಿತ್ತು. ನಾನು ಕೆಳಗೆ ಕೈ ಒಡ್ಡಲು ಹತ್ತಿರ ಹೋದೆ. ಅವಳು ನನಗೆ ಬೆನ್ನು ಮಾಡಿ ನಿಂತಳು. ಗುತ್ತಿಗೆದಾರ ಬೇರೆ ಕಡೆ ನೋಡಿದ. ಐದೂ ಬೊಗಸೆ ಹಾಗೆಯೇ ಹಾಕಿದಳು. ನೆಲಕ್ಕೆ ಬಿದ್ದ ಜೋಳವನ್ನು ಆಯಿ ಸೆರಗಿನಲ್ಲಿ ಬಳಿದುಕೊಂಡು ಕುಣಿಗೆ ಹಾಕಿದಳು.

ಆಮೇಲೆ ಗರಸು ಹಾಕಿದೆ. ಒಂದು ಥರ, ನೀರು, ದಿಮ್ಮಸು. ಮತ್ತೊಂದು ಥರ. ಅಂಗೈ ಸುಲಿಯಿತು. ಒಂದೊಂದು ಥರಕ್ಕೂ ಗುತ್ತಿಗೆದಾರ ಹಾರೆ ಚುಚ್ಚಿ ನೋಡಿಯೇ ಮುಂದಿನದಕ್ಕೆ ಬಿಟ್ಟ. ಅವನು ಹಾಸುವಾಗ ಅಕ್ಕ ಕುರ್ಚಿ ಹಾಕಿಕೊಂಡು ಕೂತಳು. ಕೋಲಿನಿಂದ ಒಂದೊಂದು ಕಲ್ಲನ್ನೂ ಬಡಿದು, ಟೊಳ್ಳು ಕೇಳಿದರೆ ಎಬ್ಬಿಸಿದಳು. ಹೀಗೆ ಹದಿನಾಲ್ಕು ಕಲ್ಲು ಎಬ್ಬಿಸಿರಬೇಕು. ಅವನೂ ಹಲ್ಲು ಕಚ್ಚಿಕೊಂಡ. ಕಡೆಯ ದಿನ ಅವಳು ಒಂದು ಕೊಡ ನೀರು ಸುರಿದಳು. ನೀರು ಒಂದು ಗಳಿಗೆ ಹೊಂಚು ಹಾಕಿದಂತೆ ನಿಂತು, ಅವನು ಅಂಗಳದ ಅಂಚಿಗೆ ತೆಗೆಸಿದ ಹೊಸ ಮೋರಿ ಹಿಡಿದು ಬೀದಿಗೆ ಹೋಯಿತು. ಅವನು ಸುತ್ತಿಗೆ ಎತ್ತಿಕೊಂಡು ನಮಸ್ಕಾರ ಕೂಡ ಹೇಳದೆ ಹೊರಟ. ಈ ಸಲ ಫೋಟೋ ಹೊಡೆದುಕೊಳ್ಳಲಿಲ್ಲ.

ಈಗ ಅಂಗಳ ಚೆನ್ನಾಗಿದೆ. ಹೆಂಗಸರು ಕೂಡುತ್ತಾರೆ, ಉಂಡೆ ಬಿಡಿಸುತ್ತಾರೆ. ಅಕ್ಕ ಬಿಡಿಸುವುದಿಲ್ಲ. ಬಿಡಿಸಿದ್ದನ್ನು ಎಡಗೈಯಿಂದ ಉದ್ದ ನೋಡಿ ಬೇರೆ ಮಾಡುತ್ತಾಳೆ. ಜುಟ್ಟು ಕಟ್ಟುವುದು ಆಯಿ. ಅಕ್ಕ ನನಗೆ ಊಟಕ್ಕೆ ಬಡಿಸುತ್ತಾಳೆ, ಅಂಗಿ ಒಗೆಯಲು ಮಾತ್ರ ಮುಟ್ಟುವುದಿಲ್ಲ. ಅದನ್ನು ನಾನೇ ಒಗೆದುಕೊಳ್ಳುತ್ತೇನೆ. ಆ ವಿಷಯ ಅವಳು ಮತ್ತೆ ಎತ್ತಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಿಲ್ಲ, ನಾನೂ ಕೇಳಿಲ್ಲ.

ಆದರೆ ನಾನು ಬಾಗಿಲ ಅಗಳಿ ಹಾಕಿದೆ ಎಂದರೆ ಅವಳು ಎದ್ದು ಹೋಗಿ ಎಳೆದು ನೋಡುತ್ತಾಳೆ. ಗ್ಯಾಸ್ ಬಂದ್ ಮಾಡಿದೆ ಎಂದರೆ ಹೋಗಿ ಮುಟ್ಟಿ ನೋಡುತ್ತಾಳೆ. ಮೊನ್ನೆ ಹಾಲಿನವನು ಬಂದು ಹೋದ ಎಂದೆ. ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿ, ತಿರುಗಿ ಮುಚ್ಚಿಟ್ಟಳು.